ಅಗಲ ಟೈರ್‌ಗೆ ಫೆಂಡರ್ ಬಗ್ಗಿಸುವ ಮುನ್ನ

ಕಾಲುವೆ ನೀರು ಹರಿದಲ್ಲೆಲ್ಲ ಶಹಾಪುರ, ಸುರಪುರ ಸೀಮೆಯ ದಾರಿಗಳು ಕೆಸರಾಗುತ್ತವೆ. ಬೊಲೆರೊ, ಜೀಪಿನವರು ಅಗಲ ಟೈರ್ ತಂದು, "ಫೆಂಡರ್ ಒಂದೀಟ ಕಟ್ ಮಾಡಿ ಕೂಡಿಸ್ರಿ ಅಣ್ಣಾ" ಅನ್ನುತ್ತಾರೆ. ಟಿಂಕರ್ ಕೆಲಸ ಕಲಿಸಿದ ಪಾಠಗಳು ಇವು.

1. ಮೊದಲು ಲೆಕ್ಕ. 215/75 ಆರ್15 ತೆಗೆದು 235/75 ಆರ್15 ಹಾಕಿದರೆ ಟೈರ್ 20 ಮಿ.ಮೀ. ಅಗಲ, 30 ಮಿ.ಮೀ. ಎತ್ತರ ಹೆಚ್ಚುತ್ತದೆ. ರಿಮ್ ಅದೇ ಇದ್ದರೆ ಒಳಗೂ ಹೊರಗೂ 10 ಮಿ.ಮೀ. ಚಾಚುತ್ತದೆ. ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ.

2. ಕಾನೂನು ಕೇಳಿ. ಕಂಪನಿ ಒಪ್ಪಿದ ಅಳತೆ ಮೀರುವ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಕತ್ತರಿಸುವ ಕೆಲಸ ರಸ್ತೆಗಿಳಿಯದ ಗಾಡಿಗೆ ಮಾತ್ರ.

3. ಭಾರ ಹೇರಿ ನೋಡಿ. ಖಾಲಿ ಗಾಡಿಯಲ್ಲಿ ಚೆಂದ ಕೂತ ಟೈರ್, ಹಿಂದೆ ಹತ್ತಿ ಚೀಲ ಬಿದ್ದೊಡನೆ ಉಜ್ಜುತ್ತದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಪೈಪಿನ ಅಂತರವನ್ನೂ ನೋಡಿ.

4. ಎರೆಮಣ್ಣಿಗೂ ಜಾಗ ಬಿಡಿ. ಒಣ ಟೈರ್‌ಗೆ ಎರಡು ಬೆರಳು ಸಂದು ಸಾಕೆನಿಸುತ್ತದೆ. ಹಸಿ ಎರೆ ಹೊಲದಲ್ಲಿ ನಾಲ್ಕು ಮಾರು ಹೋಗುವುದರೊಳಗೆ ಮಣ್ಣು ಪದರ ಪದರವಾಗಿ ಸುತ್ತಿಕೊಂಡು ಆ ಸಂದು ತುಂಬುತ್ತದೆ. ಬಿಸಿಲಿಗೆ ಅದೇ ಕಲ್ಲಾಗಿ ಟೈರಿನ ಮಗ್ಗುಲು ಕೆರೆಯುತ್ತದೆ. ನಾಲ್ಕು ಬೆರಳು ಬಿಡಿ.

5. ಮಡಿಸುವುದೇ ಸಾಕಾದರೆ ಕತ್ತರಿಸಬೇಡಿ. ಫೆಂಡರಿನ ಒಳಅಂಚನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ, ರೋಲರ್‌ನಿಂದ ಸ್ವಲ್ಪ ಸ್ವಲ್ಪವೇ ಮಡಿಸಿ. ತಣ್ಣಗಿದ್ದಾಗ ಬಗ್ಗಿಸಿದರೆ ಬಣ್ಣ ಸೀಳುತ್ತದೆ. ಒಂದೇ ಸಲ ಒತ್ತಿದರೆ ತಗಡು ಅಲೆಯೇಳುತ್ತದೆ.

6. ಹಿಂದಿನ ಫೆಂಡರ್ ಎರಡು ತಗಡಿನದು. ಒಳ, ಹೊರ ತಗಡುಗಳು ಅಂಚಿನಲ್ಲಿ ವೆಲ್ಡ್ ಆಗಿರುತ್ತವೆ. ಅಂಚು ಕತ್ತರಿಸಿದರೆ ಬೆಸುಗೆಯೇ ಹೋಗುತ್ತದೆ, ಮತ್ತೆ ಕೂಡಿಸಲೇಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿ, ಡೀಸೆಲ್ ಪೈಪ್ ಎಲ್ಲಿದೆಯೆಂದು ನೋಡಿಕೊಳ್ಳಿ.

7. ತುಕ್ಕು ಒಳಗಿನಿಂದ ಬರುತ್ತದೆ. ಮಡಿಕೆಯಲ್ಲಿ ಕೂತ ಎರೆಮಣ್ಣು ತೇವ ಹಿಡಿದಿಡುತ್ತದೆ. ಹೊರಗೆ ಬಣ್ಣ ಗುಳ್ಳೆಯೇಳುವಷ್ಟರಲ್ಲಿ ಒಳಗೆ ತಗಡು ತೂತಾಗಿರುತ್ತದೆ. ಬೋಳಾದ ಕಡೆಗೆಲ್ಲ ಅಂದೇ ಪ್ರೈಮರ್, ಮೇಲೆ ಸೀಲೆಂಟ್, ಆಮೇಲೆ ಬಣ್ಣ. ಹೊಲದಿಂದ ಬಂದೊಡನೆ ಒಳಗಡೆ ನೀರು ಹೊಡೆಯಿರಿ.

8. ಬೇಕಾದದ್ದು ಅಗಲವೋ ಹಿಡಿತವೋ? ನಮ್ಮ ಕೆಸರಿನಲ್ಲಿ ಗಾಡಿ ಜಾರುವುದು ಟೈರಿನ ಗೀರುಗಳಲ್ಲಿ ಮಣ್ಣು ಮೆತ್ತಿಕೊಳ್ಳುವುದರಿಂದ. ಗೀರುಗಳ ನಡುವಿನ ಬಟನ್ ದೊಡ್ಡವಿದ್ದು ಮಣ್ಣು ಉದುರಿಸುವ ಟೈರನ್ನು ಕಂಪನಿ ಅಳತೆಯಲ್ಲೇ ಹಾಕಿ ನೋಡಿ. ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕು, ಫೆಂಡರ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ.