ಒಂಟಾರಿಯೊದ ಹಿತ್ತಿಲಲ್ಲಿ ಗಾಂಜಾ ಗಿಡ

ಕೆನಡಾದಲ್ಲಿ ಗಾಂಜಾ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ. ಒಂಟಾರಿಯೊದಲ್ಲಿ 19 ತುಂಬಿದವರು ಮನೆಯಲ್ಲೇ ಬೆಳೆಯಬಹುದು. ಆದರೆ ಮನೆಗೆ ನಾಲ್ಕು ಗಿಡ, ತಲೆಗೆ ನಾಲ್ಕಲ್ಲ. ಬಾಡಿಗೆ ಮನೆಯಾದರೆ ಮೊದಲು ಕರಾರುಪತ್ರ ಓದಿ. ಬೀಜವನ್ನು ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ.

ಮೇ ಕೊನೆಯವರೆಗೂ ರಾತ್ರಿ ಹಿಮ ಬೀಳಬಹುದು, ಸಸಿಯನ್ನು ಅವಸರದಿಂದ ಹೊರಗಿಡಬೇಡಿ. ಒಳ್ಳೆಯ ಬಿಸಿಲು, ನೀರು ನಿಲ್ಲದ ಮಣ್ಣು ಇದ್ದರೆ ಗಿಡ ತಾನಾಗಿ ಬೆಳೆಯುತ್ತದೆ. ಕಷ್ಟವೆಲ್ಲ ಹೂವಿನ ಕಾಲದ್ದು. ಸೇವಂತಿಗೆಯ ಹಾಗೆ ಇದೂ ರಾತ್ರಿ ಉದ್ದವಾದಾಗಲೇ ಹೂ ಬಿಡುವ ಗಿಡ. ಆಗಸ್ಟ್‌ನಲ್ಲಿ ಮೊಗ್ಗು ಕಟ್ಟಿ ಮಾಗುವಷ್ಟರಲ್ಲಿ ಶರತ್ಕಾಲದ ಮಳೆ, ಥಂಡಿ ಬಂದಿರುತ್ತವೆ. ದಟ್ಟ ಹೂಗೊಂಚಲಿನೊಳಗೆ ಬೂದುಬಣ್ಣದ ಬೂಷ್ಟು ಕಂಡರೆ ಕಿತ್ತೆಸೆಯಿರಿ. ಒಣಗಿಸಿ ಬಳಸೋಣ ಎಂಬ ಆಸೆ ಖಂಡಿತ ಬೇಡ. ಬೇಗ ಮಾಗುವ ತಳಿ ಆರಿಸಿ, ಗಾಳಿಯಾಡುವಂತೆ ಒಳಗಿನ ಎಲೆ ಸವರಿದರೆ ಅರ್ಧ ಚಿಂತೆ ಕಳೆಯಿತು.

ಮಕ್ಕಳು, ನಾಯಿ ಓಡಾಡುವ ಹಿತ್ತಿಲಾದರೆ ಬೇಲಿಗೆ ಬೀಗ ಇರಲಿ.

ಊರಿಗೆ ಬರುವಾಗ ಒಂದೆಲೆಯನ್ನೂ ತರಬೇಡಿ. ಗಡಿ ದಾಟಿಸುವುದು ಕೆನಡಾದಲ್ಲೇ ಅಪರಾಧ. ಕರ್ನಾಟಕದಲ್ಲಂತೂ ಕುಂಡದಲ್ಲಿ ಬೆಳೆದರೂ 1985ರ ಮಾದಕ ವಸ್ತು ಕಾಯ್ದೆಯಡಿ 10 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.