ತೊರಕೆಯ ಬಸಿರು, ಹೊಂಡದ ಜಿಲೇಬಿ

ಪ್ರಶ್ನೆ: ಮಂಗಳೂರು ಕಡೆಯಿಂದ ಬಂದ ಮೀನಿನ ಗಾಡಿಯಲ್ಲಿ ಸಣ್ಣ ತೊರಕೆ ಕೊಂಡೆವು. ಸೀಳಿದಾಗ ಹೊಟ್ಟೆಯಲ್ಲಿ ಎರಡು ಮರಿಗಳಿದ್ದವು. ನಮ್ಮ ಅತ್ತೆ ಹೆದರಿ ಅಡುಗೆಯನ್ನೇ ನಿಲ್ಲಿಸಿದರು. ಇದು ರೋಗವೇ? ತಿಂದರೆ ಪಾಪ ತಟ್ಟುತ್ತದೆಯೇ?
– ಗೃಹಿಣಿ, ಹಿರೇಹಳ್ಳಿ

ಉತ್ತರ: ಪೂರ್ತಿ ರೂಪುಗೊಂಡ ಮರಿ ಕೈಗೆ ಬಂದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ನಿಮ್ಮ ಅತ್ತೆಯವರ ಸಂಕಟ ಸಹಜ. ಆದರೆ ಇದು ರೋಗವಲ್ಲ. ತೊರಕೆ ಮರಿ ಹಾಕುವ ಮೀನು. ನಿಮಗೆ ಸಿಕ್ಕಿದ್ದು ಬಸುರಿ.

ನಮ್ಮ ಕರಾವಳಿಯ ಸಣ್ಣ ಜಾತಿಯ ತೊರಕೆಗಳು ಪೂರ್ತಿ ಬೆಳೆದರೂ ಸುಮಾರು 25 ಸೆಂ.ಮೀ. ಅಗಲ. ಅಷ್ಟು ಪುಟ್ಟ ಒಡಲಲ್ಲಿ ಒಂದೆರಡು ಮರಿಗಷ್ಟೇ ಜಾಗ. ಮರಿ ಮೊದಲು ಮೊಟ್ಟೆಯ ಭಂಡಾರ (ಹಳದಿ) ಉಂಡು ಬೆಳೆಯುತ್ತದೆ. ಅದು ತೀರಿದ ಮೇಲೆ ತಾಯಿಯ ಗರ್ಭಕೋಶದ ಎಳೆಗಳು ಗರ್ಭರಸ (ಕೊಬ್ಬು ತುಂಬಿದ ಹಾಲಿನಂಥ ದ್ರವ) ಒಸರುತ್ತವೆ. ಮೀನಿನ ಲೋಕದಲ್ಲಿ ಇಂಥ ತಾಯ್ತನ ಕಾಣುವುದು ಕಡಿಮೆ. ನನಗಂತೂ ಇದು ಗೌರವ ಹುಟ್ಟಿಸುವ ಸಂಗತಿ.

ಇದಕ್ಕೆಲ್ಲ ಶಕ್ತಿ ಬೇಕು. ತಿಂದದ್ದರಲ್ಲಿ ಮೊದಲ ಪಾಲು ಚಯಾಪಚಯಕ್ಕೆ (ಉಸಿರಾಟ, ಓಡಾಟದಂಥ ದಿನದ ಖರ್ಚಿಗೆ). ಬಾಡಿಗೆ, ರೇಷನ್ ಕಳೆದು ಉಳಿದ ಸಂಬಳದಲ್ಲೇ ಮನೆ ಕಟ್ಟಬೇಕು, ಮಗಳ ಮದುವೆಯನ್ನೂ ಮಾಡಬೇಕು ಅಂದ ಹಾಗೆ, ಉಳಿದಷ್ಟರಲ್ಲೇ ಮೈ ಬೆಳೆಯಬೇಕು, ಮರಿಯೂ ಆಗಬೇಕು. ತೊರಕೆ ಮರಳೊಳಗೆ ಹುದುಗಿ, ಕಣ್ಣ ಹಿಂದಿನ ರಂಧ್ರಗಳಿಂದ ನೀರೆಳೆದು ಉಸಿರಾಡುತ್ತಾ ಖರ್ಚು ಉಳಿಸುತ್ತದೆ. ಸಾಮಾನ್ಯವಾಗಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆದು, ತಡವಾಗಿ ಬಸಿರಿಗೆ ಸಿದ್ಧವಾಗುತ್ತದೆ.

ಪಾಪದ ಮಾತು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಮರುಕ ಹುಟ್ಟಿದ್ದು ಮಾತ್ರ ಒಳ್ಳೆಯದೇ. ಸಾವಿರಗಟ್ಟಲೆ ಮೊಟ್ಟೆಯಿಡುವ ಬಂಗುಡೆಯಂತೆ ತೊರಕೆಯ ಸಂತತಿ ಬೇಗ ಚೇತರಿಸಿಕೊಳ್ಳದು. ಮುಂದಿನ ಸಲ ಹೊಟ್ಟೆ ಉಬ್ಬಿದ ಮೀನು ಬೇಡವೆನ್ನಿ.

ಅಡುಗೆಗೆ ಮುನ್ನ ಮೂಸಿ ನೋಡಿ. ಈ ಮಾಂಸದಲ್ಲಿ ಯೂರಿಯಾ ಇರುತ್ತದೆ. ಕೆಡುತ್ತಾ ಹೋದಂತೆ ಅದು ಅಮೋನಿಯ (ಮೂತ್ರದಂಥ ಘಾಟಿನ ಅನಿಲ) ಆಗುತ್ತದೆ. ಆ ಘಾಟು ಬಂದರೆ ಎಸೆದುಬಿಡಿ. ಬಾಲದ ಮುಳ್ಳಿನಲ್ಲಿ ವಿಷವಿದೆ, ಗಾಡಿಯವರಿಂದಲೇ ಕತ್ತರಿಸಿಕೊಳ್ಳಿ.

ಪ್ರಶ್ನೆ: ಕೃಷಿ ಹೊಂಡಕ್ಕೆ ಬಿಟ್ಟ ಜಿಲೇಬಿ ಮೀನು ವರ್ಷವಾದರೂ ಅಂಗೈಯಷ್ಟೇ ಇದೆ. ಹಿಂಡಿ, ತೌಡು ತಪ್ಪಿಸಿಲ್ಲ. ಹಾಕಿದ ದುಡ್ಡೆಲ್ಲ ಹೋಯಿತೇ?
– ರೈತರು, ಗುಬ್ಬಿ

ಉತ್ತರ: ನಿಮ್ಮ ಆರೈಕೆಯಲ್ಲಿ ಕೊರತೆಯಿಲ್ಲ, ಹೊಂಡವೂ ಕೆಟ್ಟಿಲ್ಲ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾದ ಮೀನು ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯೊಳಗಿಟ್ಟು ಕಾಯುತ್ತದೆ. ಅಷ್ಟು ದಿನ ಅದಕ್ಕೆ ಸರಿಯಾಗಿ ತಿನ್ನಲಾಗದು. ನೀವು ಹಾಕಿದ ಹಿಂಡಿ ಮೈಗೆ ಸೇರದೆ ಮತ್ತೆ ಮತ್ತೆ ಮರಿಗಳಾಗುತ್ತಿದೆ. ಆ ಮರಿಗಳೇ ತುಂಬಿಕೊಂಡು ತೌಡಿಗೆ ಪೈಪೋಟಿ ನಡೆಸುತ್ತಿವೆ.

ಬೇಸಿಗೆಯಲ್ಲಿ ನೀರು ಖಾಲಿ ಮಾಡಿ, ಕೆಸರು ಬಿರಿಯುವವರೆಗೆ ಒಣಗಿಸಿ. ಆಮೇಲೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಬೆರಳುದ್ದದ ಕಾಟ್ಲಾ, ರೋಹು ಮರಿ ಬಿಡಿ. ಇವು ಹರಿಯುವ ಹೊಳೆಯ ಮೀನುಗಳು, ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹಾಕಿದ ಮೇವು ಮೈಗೇ ಸೇರುತ್ತದೆ. ನೀರು ಒಳಬರುವ ಕಡೆ ಸಣ್ಣ ಕಣ್ಣಿನ ಬಲೆ ಕಟ್ಟಿ. ತೆಗೆದ ಜಿಲೇಬಿಯನ್ನು ಮಾರಿ, ಇಲ್ಲವೇ ಸಾರು ಮಾಡಿ. ಊರ ಕೆರೆಗೆ ಮಾತ್ರ ಬಿಡಬೇಡಿ.