ಹಳೆಯ ಜೀಪಿನ ಮನೆ ದುರಸ್ತಿ: ಮಳೆಗಾಲ ಕಳೆದ ಮೇಲೆ ಮಾಡಬೇಕಾದ ಕೆಲಸಗಳು

ಮಳೆ ನಿಂತು ಅಡಿಕೆ ಕೊಯ್ಲು ತೊಡಗುವ ಹೊತ್ತಿಗೆ ಕಡಬ ತಾಲೂಕಿನ ಆಲಂಕಾರು ಸುತ್ತಿನ ತೋಟಗಳಲ್ಲಿ ಜೀಪಿಗೆ ಬಿಡುವಿಲ್ಲದ ಕೆಲಸ. ಗೊಬ್ಬರ ಒಳಗೆ ಹೋಗಬೇಕು, ಅಡಿಕೆ ಅಂಗಳಕ್ಕೆ ಬರಬೇಕು. ಗುಡ್ಡದ ದಾರಿ, ನಡುವೆ ತೋಡು. ಇಂತಹ ಕಡೆ ನಾಲ್ಕು ಚಕ್ರಕ್ಕೂ ಬಲ ಹಾಯುವ ಹಳೆಯ ಮಹೀಂದ್ರ ಜೀಪು ಇಂದಿಗೂ ಉಪಯುಕ್ತವಾಗಿದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶದ್ದಾದ ಇದರ ರಚನೆ ಸರಳ. ಸ್ಪ್ಯಾನರ್ ಹಿಡಿಯಲು ಬಲ್ಲ ರೈತನು ಹಲವು ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಕ್ರಮ ತಪ್ಪಿದರೆ ಅಪಾಯವೂ ಉಂಟು.

ಕೈಬ್ರೇಕನ್ನು ನಂಬಬೇಡಿ

ಮೊದಲು ಒಂದು ಘಟನೆ. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ತೋಟದಲ್ಲಿ ಜೀಪಿನ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬದಲಿಸುತ್ತಿದ್ದರು. ಜಾಗ ಸ್ವಲ್ಪ ಇಳಿಜಾರು. "ಕೈಬ್ರೇಕು ಎಳೆದಿದೆ, ಗೇರಿನಲ್ಲೂ ಇದೆ, ಹೆದರಬೇಡಿ" ಎಂದು ಹೇಳಿದವನು ನಾನೇ. ಕೊನೆಯ ಬೋಲ್ಟು ಕಳಚಿದೊಡನೆ ಜೀಪು ಉರುಳತೊಡಗಿತು. ಅಡಿಯಲ್ಲಿ ಮಲಗಿದ್ದ ಯುವಕ ಹೊರಳಿ ಪಾರಾದ. ಜೀಪು ತೆಂಗಿನ ಮರಕ್ಕೆ ತಾಗಿ ನಿಂತಿತು.

ಕಾರಣ ಸರಳ. ಹಲವು ಹಳೆಯ ಜೀಪುಗಳಲ್ಲಿ ಕೈಬ್ರೇಕಿನ ಡ್ರಮ್ಮು ಚಕ್ರದಲ್ಲಿ ಇರುವುದಿಲ್ಲ, ಗೇರ್ ಪೆಟ್ಟಿಗೆಯ ಹಿಂದಿರುವ ಟ್ರಾನ್ಸ್‌ಫರ್ ಕೇಸಿನಲ್ಲಿ ಇರುತ್ತದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಗೇರಿನ ಹಿಡಿತವೂ ಅದೇ ದಾರಿಯಲ್ಲಿ ಚಕ್ರಕ್ಕೆ ಹೋಗುತ್ತದೆ. ಶಾಫ್ಟನ್ನು ಕಳಚಿದರೆ ಎರಡೂ ಇಲ್ಲವಾಗುತ್ತವೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೂ ಇದೇ ಫಲ. ಡಿಫರೆನ್ಶಿಯಲ್ ಇರುವುದರಿಂದ ಎತ್ತಿದ ಚಕ್ರ ತಿರುಗುತ್ತದೆ, ನೆಲದ ಮೇಲಿನ ಚಕ್ರ ಉರುಳುತ್ತದೆ.

ಆದ್ದರಿಂದ ಜೀಪನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಅಡಿಗೆ ಹೋಗಬಾರದು. ನಮ್ಮಲ್ಲಿ ಮುರಕಲ್ಲನ್ನು ಆಧಾರವಾಗಿ ಇಡುವ ಅಭ್ಯಾಸವಿದೆ. ಅದು ಭಾರಕ್ಕೆ ಥಟ್ಟನೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡನ್ನೇ ಬಳಸಬೇಕು.

ಎಣ್ಣೆಯಲ್ಲಿ ನೀರು

ಓಡಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿರುವ ಗಾಳಿಕಂಡಿ ಮಣ್ಣಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರು ಒಳಗೆ ಸೇರುತ್ತದೆ. ನೀರು ಬೆರೆತ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ ಜಾರುಗುಣ ಕಳೆದುಕೊಳ್ಳುತ್ತದೆ. ಬೇರಿಂಗು, ಕ್ರೌನ್ ಹಲ್ಲುಗಳು ಬೇಗ ಸವೆಯುತ್ತವೆ.

ಪರೀಕ್ಷೆ ಹೀಗೆ: ರಾತ್ರಿಯಿಡೀ ನಿಂತ ಜೀಪಿನ ಕೆಳಗಿನ ಬಿರಡೆಯನ್ನು ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿ. ನೀರು ಭಾರವಾದ್ದರಿಂದ ಮೊದಲು ಅದೇ ಬರುತ್ತದೆ. ನೀರಾಗಲಿ ಹಾಲುಬಣ್ಣವಾಗಲಿ ಕಂಡರೆ ಎಣ್ಣೆಯನ್ನು ಪೂರ್ತಿ ಬದಲಿಸಿ. ಎಣ್ಣೆ ಇಳಿಸುವ ಮೊದಲು ತುಂಬಿಸುವ ಬಿರಡೆ ಕಳಚುತ್ತದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಹೊಸ ಗೇರ್ ಆಯಿಲನ್ನು (ಸಾಮಾನ್ಯವಾಗಿ 90ರ ದರ್ಜೆ) ಆ ತೂತಿನ ಮಟ್ಟಕ್ಕೆ ತುಂಬಿಸಬೇಕು. ಗಾಳಿಕಂಡಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಹಳೆಯ ಎಣ್ಣೆಯನ್ನು ತೋಡಿಗಾಗಲಿ ಅಡಿಕೆ ಬುಡಕ್ಕಾಗಲಿ ಚೆಲ್ಲಬೇಡಿ. ಡಬ್ಬದಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಕಾಲುಬ್ರೇಕು

ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಸಾಮಾನ್ಯವಾಗಿ ಒಂದೇ ಕೊಳವೆ ಜಾಲ. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಪೆಡಲನ್ನು ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಸೋರಿಕೆ ಇದೆಯೆಂದು ತಿಳಿಯಬೇಕು. ಮೆತ್ತಗೆ ಪುಟಿದರೆ ಗಾಳಿ ಸೇರಿದೆ ಎಂದರ್ಥ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಅದರ ಬದಲು ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ವಾಷರುಗಳು ಉಬ್ಬಿ ಕೆಡುತ್ತವೆ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಮುಂದಿನ ಚಕ್ರದ ಬಲ

ಕೆಸರು, ಕಡಿದಾದ ಏರು ಇರುವಲ್ಲಿ ಮಾತ್ರ ಮುಂದಿನ ಆಕ್ಸಲ್ಲನ್ನು ಜೋಡಿಸಬೇಕು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಸಾಗುವ ದೂರ ಬೇರೆ ಬೇರೆ. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ, ಡಾಮರು ರಸ್ತೆಯಲ್ಲಿ ಆಗುವುದಿಲ್ಲ. ಆಗ ಶಾಫ್ಟು, ಗೇರು, ಟೈರುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಇದೇ ಕಾರಣಕ್ಕೆ ನಾಲ್ಕು ಟೈರುಗಳೂ ಒಂದೇ ಅಳತೆಯವು ಇರಬೇಕು.

ತುಕ್ಕು

ಕೊಳೆರೋಗಕ್ಕೆ ಬಳಸುವ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರದ ಉಪ್ಪೂ ಹಾಗೆಯೇ. ಇವನ್ನು ಸಾಗಿಸುವಾಗ ಪ್ಲಾಸ್ಟಿಕ್ ಡ್ರಮ್ಮು ಬಳಸಿ, ಅದೇ ದಿನ ಜೀಪಿನ ತಳ ಮತ್ತು ಚಾಸಿಯನ್ನು ತೊಳೆದು ಒಣಗಿಸಿ.

ಮಾರ್ಪಾಟು ಮಾಡುವ ಮುನ್ನ

ದೊಡ್ಡ ಟೈರು, ಹೆಚ್ಚುವರಿ ಪ್ಲೇಟು ಹಾಕಿದರೆ ಜೀಪಿನ ಶಕ್ತಿ ಹೆಚ್ಚುವುದೆಂಬ ನಂಬಿಕೆ ಇದೆ. ಇದು ಸರಿಯಲ್ಲ. ದೊಡ್ಡ ಟೈರಿನಿಂದ ಎಳೆಯುವ ಬಲವೂ ಬ್ರೇಕಿನ ಹಿಡಿತವೂ ಕಡಿಮೆಯಾಗುತ್ತವೆ. ಎತ್ತರಿಸಿದ ಜೀಪು ಇಳಿಜಾರಿನಲ್ಲಿ ಬೇಗ ಮಗುಚುತ್ತದೆ. ಹಿಂದೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಸಾಮಾನ್ಯವಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರು ಸೂಚಿಸಿದ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ತಿದ್ದುಪಡಿಯ ನಂತರ ಅಕ್ರಮ ಮಾರ್ಪಾಟು ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಎಂಜಿನ್ ಬದಲಿಸಬೇಕಾದರೆ ಮೊದಲು ಪುತ್ತೂರಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಬೇಕು.

ಎಣ್ಣೆ ಬದಲಾವಣೆ, ಗ್ರೀಸು, ಕ್ರಾಸ್, ತೊಳೆಯುವಿಕೆ ಇವು ಮನೆಯ ಕೆಲಸ. ಸ್ಟಿಯರಿಂಗ್ ಮತ್ತು ಬ್ರೇಕಿನ ಭಾಗ ಬದಲಿಸುವುದನ್ನು ನುರಿತ ಮೆಕ್ಯಾನಿಕರಿಗೆ ಬಿಡಿ. ಮನೆಯಲ್ಲಿ ಏನೇ ಮಾಡುವುದಿದ್ದರೂ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಚಕ್ರಕ್ಕೆ ಅಡ್ಡೆ ಕೊಡುವುದನ್ನು ಮಾತ್ರ ಮರೆಯಬಾರದು.